ಬಣ್ಣ ಹಿಡಿಯುವ ಬಿಸಿ

ನಾನು ದುಡಿಯುವ ನೂಲು ಬಣ್ಣದ ಕಾರ್ಖಾನೆಯಲ್ಲಿ ಅರವತ್ತು ಡಿಗ್ರಿಗೆ ‘ಹಿಡಿಯೋ ಬಿಸಿ’ ಎಂದೇ ಹೆಸರು. ಅದಕ್ಕಿಂತ ಕೆಳಗಿದ್ದರೆ ಬಣ್ಣ ನೂಲಿನ ಮೇಲೆ ನೆಂಟರ ಹಾಗೆ ಕೂತಿರುತ್ತದೆ. ಒಂದು ಸಲ ತೊಳೆದರೆ ಎದ್ದು ಹೊರಟುಬಿಡುತ್ತದೆ. ಅರವತ್ತು ಮುಟ್ಟಿತೋ, ಮನೆಯಳಿಯನ ಹಾಗೆ ಒಳಗೇ ಬೇರು ಬಿಡುತ್ತದೆ. ಆಮೇಲೆ ನೂಲು ಹರಿದರೂ ಬಣ್ಣ ಹೋಗುವುದಿಲ್ಲ.

ಕಾರ್ಖಾನೆಯ ಥರ್ಮಾಮೀಟರನ್ನು ಕೇಳಿ ತಂದು ನಮ್ಮ ಬಚ್ಚಲಿನ ಬಿಸಿನೀರಿನ ನಲ್ಲಿಗೆ ಹಿಡಿದ ಸಂಜೆ, ಅದರ ಮುಳ್ಳು ಅರವತ್ತನ್ನು ದಾಟಿಕೊಂಡು ಅರವತ್ತೇಳರ ಹತ್ತಿರ ಹೋಗಿ ನಿಂತಿತು. ಗಾಜು ಒರೆಸಿ ಮತ್ತೆ ನೋಡಿದೆ. ಮುಳ್ಳು ಅಲ್ಲೇ ಇತ್ತು. ಆ ನಲ್ಲಿಯ ಕೆಳಗೆ ನಾವು ಒಂದು ಮಗುವನ್ನು ಕೂರಿಸಿ ಸ್ನಾನ ಮಾಡಿಸುತ್ತಿದ್ದೆವು.

ಮಗುವಿಗೆ ಮನೆಯಲ್ಲಿ ಎಲ್ಲರೂ ಕರೆಯುವುದು ಮಿಡತೆ ಎಂದು. ನಡೆಯುವುದು ಅವಳಿಗೆ ಗೊತ್ತಿಲ್ಲ, ಹಾರುವುದೊಂದೇ ಗೊತ್ತು. ಇನ್ನೂ ಶಾಲೆಗೆ ಸೇರಿಸುವ ವಯಸ್ಸಲ್ಲ. ನಾನು ಕಾರ್ಖಾನೆಗೆ ಹೋದ ಮೇಲೆ ಅವಳನ್ನು ನೋಡಿಕೊಳ್ಳುವವರು ಅತ್ತೆ. ಇವರು, ಮಿಡತೆಯ ಅಪ್ಪ, ಲಾರಿ ಓಡಿಸುತ್ತಾರೆ. ಮನೆಗೆ ಬರುವುದು ಅತಿಥಿಯ ಹಾಗೆ, ಬಂದಾಗ ಮಲಗುವುದು ಹೆಣದ ಹಾಗೆ.

ಹೋದ ವಾರ ಅತ್ತೆ ಎಂದಿನಂತೆ ಸ್ನಾನದ ತೊಟ್ಟಿಗೆ ನೀರು ತುಂಬಿ, ಕೈ ಅದ್ದಿ ನೋಡಿ, “ಹಿತವಾಗಿದೆ, ಬಾರೇ” ಎಂದು ಮಿಡತೆಯನ್ನು ಎತ್ತಿ ಇಳಿಸಿದ್ದರು. ಅವಳು ಕಿರುಚಿದಳು. ಸ್ನಾನ ಎಂದರೆ ಅವಳು ಮೊದಲಿನಿಂದಲೂ ಕಿರುಚುವವಳೇ. ಅದನ್ನು ನಾವೆಲ್ಲ ನಾಟಕ ಎಂದುಕೊಂಡಿದ್ದೆವು. ಆ ದಿನ ಮಾತ್ರ ಪಾದದ ಮೇಲಿನ ಚರ್ಮ ಕೆಂಪಾಗಿ, ಸಂಜೆಗೆ ಬೊಬ್ಬೆ ಎದ್ದಿತು.

ಆಸ್ಪತ್ರೆಯ ನರ್ಸು ಪಟ್ಟಿ ಕಟ್ಟುತ್ತಾ ಕೇಳಿದಳು: “ಮನೇಲಿ ಗೀಸರ್ ಎಷ್ಟಕ್ಕಿಟ್ಟಿದೀರಿ?”

“ಎಷ್ಟಕ್ಕೆ ಅಂದ್ರೆ... ಬಿಸಿಗೆ.”

“ಬಿಸಿಗೆ ಅಂದ್ರೆ ಎಷ್ಟು?”

ದಿನವಿಡೀ ಡಿಗ್ರಿ ನೋಡಿಕೊಂಡೇ ಬದುಕುವವಳು ನಾನು. ನೂಲಿಗೆ ಎಷ್ಟು ಬಿಸಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

“ಐವತ್ತಕ್ಕಿಂತ ಮೇಲೆ ಬಿಡಬೇಡಿ,” ಎಂದಳು. “ಅರವತ್ತು ದಾಟಿದ್ರೆ ಮಗು ಕಾಲು ತೆಗೆಯೋಷ್ಟರಲ್ಲೇ ಸುಟ್ಟಿರುತ್ತೆ. ಐವತ್ತಾದ್ರೆ ಎಳ್ಕೊಳ್ಳೋಕೆ ಸಮಯ ಸಿಗುತ್ತೆ. ಆಮೇಲೆ, ಮೊದಲು ತಣ್ಣೀರು, ಅದಕ್ಕೆ ಬಿಸಿ. ಅಂಗೈಯಲ್ಲಿ ನೋಡ್ಬೇಡಿ, ಮೊಣಕೈಯಲ್ಲಿ ನೋಡಿ.” ಪಟ್ಟಿಯ ತುದಿ ಅಂಟಿಸಿ, ಪಾದವನ್ನೂ ನನ್ನ ಮುಖವನ್ನೂ ಒಂದೇ ನೋಟದಲ್ಲಿ ನೋಡಿದಳು. “ತಪ್ಪು ತಿಳ್ಕೋಬೇಡಿ. ಇನ್ನೊಂದು ಸಲ ಇದೇ ಮಗು ಹೀಗೇ ಬಂದ್ರೆ ನಾನು ಮಕ್ಕಳ ರಕ್ಷಣೆ ನೋಡ್ಕೊಳ್ಳೋ ಮೇಲಿನವರಿಗೆ ತಿಳಿಸ್ಲೇಬೇಕಾಗುತ್ತೆ. ಅವರು ಮನೆಗೆ ಬರ್ತಾರೆ.”

ಬಂದು ಏನು ಮಾಡುತ್ತಾರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮುಳ್ಳು ಅರವತ್ತೇಳು ತೋರಿಸಿದ ಆ ಸಂಜೆ ಥರ್ಮಾಮೀಟರ್ ಹಿಡಿದುಕೊಂಡೇ ಇವರಿಗೆ ಫೋನು ಮಾಡಿದೆ. ಹಿಂದಿನಿಂದ ಲಾರಿಯ ಸದ್ದು. “ನಾನೇ ತುದಿಗೆ ತಿರುಗಿಸಿದ್ದು ಕಣೇ, ಚಳಿಗಾಲದಲ್ಲಿ. ಕೊನೇಲಿ ಸ್ನಾನ ಮಾಡೋರಿಗೆ ತಣ್ಣೀರೇ ಗತಿ ಅಂತ ಅಮ್ಮ ಗೊಣಗ್ತಿದ್ರಲ್ಲ. ಬಿಸಿ ಜಾಸ್ತಿ ಇದ್ರೆ ತಣ್ಣೀರು ಬೆರೆಸಿ ಜಾಸ್ತಿ ಜನಕ್ಕಾಗುತ್ತೆ. ಯಾಕೆ, ಏನಾಯ್ತು?”

ದಾರಿಯಲ್ಲಿರುವವರಿಗೆ ಗಾಬರಿ ಬೇಡವೆಂದು ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಪಾದದ ವಿಷಯ ಹೇಳಿದೆ. ಇಂಜಿನ್ ಆರಿದ ಸದ್ದು ಕೇಳಿಸಿತು. ಎಲ್ಲೋ ರಸ್ತೆ ಬದಿಗೆ ಲಾರಿ ನಿಲ್ಲಿಸಿದ್ದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ನನ್ನ ಕೈಗೆ ಹಿತವಾಗೇ ಇತ್ತಪ್ಪ,” ಎಂದರು.

ಅತ್ತೆಯ ಕೈಯ ಬಗ್ಗೆ ಹೇಳಬೇಕು. ನಾನು ಈಗ ನಿಲ್ಲುವ ಬಣ್ಣದ ತೊಟ್ಟಿಯ ಮುಂದೆಯೇ ಅವರು ಮೂವತ್ತು ವರ್ಷ ನಿಂತವರು. ಅವರ ಕಾಲದಲ್ಲಿ ಕೈಗವಸು ಇರಲಿಲ್ಲ. ಬಿಸಿ ನೂಲನ್ನು ಬರಿಗೈಯಲ್ಲೇ ಎತ್ತಿ ಹಿಂಡುತ್ತಿದ್ದರಂತೆ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಉಗುರಿನ ಬುಡದಲ್ಲಿ ನೀಲಿ ಇನ್ನೂ ಇದೆ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, “ಇಕ್ಕಳ ಯಾಕೆ ಬೇಕು, ದೇವರೇ ಎರಡು ಕೊಟ್ಟಿದಾನಲ್ಲ” ಎಂದು ಹತ್ತು ಬೆರಳು ಆಡಿಸಿ ನಗುವುದು ಅವರ ಹಳೆಯ ಜೋಕು. ಮಿಡತೆಯ ಜ್ವರ ನೋಡುವುದೂ ಅದೇ ಕೈ, ಹಾಲಿನ ಬಿಸಿ ನೋಡುವುದೂ ಅದೇ ಕೈ. ಮನೆಯಲ್ಲಿ ಆ ಕೈಯ ಮಾತಿಗೆ ಎದುರು ಮಾತೇ ಇರಲಿಲ್ಲ.

“ಅತ್ತೆ, ನಿಮ್ಮ ಕೈ ಸತ್ತುಹೋಗಿದೆ,” ಎಂದೆ. “ನಿಮ್ಮ ಕೈಗೆ ಬೆಂಕೀನೂ ಹಿತವಾಗೇ ಇರುತ್ತೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಜಗಳಕ್ಕೆ ಬರುತ್ತಾರೆ ಎಂದುಕೊಂಡೆ, ಬಂದಿದ್ದರೆ ಚೆನ್ನಾಗಿತ್ತು. ಅವರು ಎರಡೂ ಕೈಗಳನ್ನು ತಿರುಗಿಸಿ ಒಮ್ಮೆ ನೋಡಿಕೊಂಡರು, ಯಾರದೋ ಸಾಮಾನು ತಪ್ಪಿ ತಮ್ಮ ಮನೆಗೆ ಬಂದಿದೆಯೇನೋ ಎಂಬಂತೆ. ಊಟ ಬಡಿಸಿದರು. ತಾವು ಊಟ ಮಾಡಲಿಲ್ಲ.

ಬೆಳಗ್ಗೆ ಎದ್ದವಳೇ ಮೇನ್ ಸ್ವಿಚ್ ಆರಿಸಿ, ಬಚ್ಚಲಿನಲ್ಲಿ ಸ್ಟೂಲು ಹತ್ತಿದೆ. ಗೀಸರಿನ ತಳದ ತಟ್ಟೆಗೆ ಎರಡು ಸ್ಕ್ರೂ. ಬಿಚ್ಚಿದರೆ ಒಳಗೆ ಕೋಟಿನ ಗುಂಡಿಯಷ್ಟು ಚಿಕ್ಕ ತಿರುಗಣೆ, ಅದರ ಬಾಣ ತುದಿಯಲ್ಲಿ ಒರಗಿ ನಿಂತಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಐವತ್ತಕ್ಕೆ ಇಳಿಸಿದೆ. ಇಷ್ಟೇನಾ, ಎನಿಸಿತು. ಒಂದು ಮಗುವಿನ ಪಾದ ಸುಟ್ಟಿದ್ದಕ್ಕೂ ಸುಡದೆ ಇರುವುದಕ್ಕೂ ನಡುವೆ ಇದ್ದದ್ದು ಇಷ್ಟೇ ತಿರುವು.

ತಟ್ಟೆ ಮುಚ್ಚಿ ಸ್ವಿಚ್ ಹಾಕಿದೆ. ನೀರು ಕಾಯುವಾಗ ಉರಿಯುವ ಗೀಸರಿನ ಕೆಂಪು ದೀಪ ಹತ್ತಲಿಲ್ಲ. ಉರಿ ಆರಿದೆ, ಬಿಸಿ ಇಳಿದಿದೆ ಎಂದುಕೊಂಡೆ. ನಲ್ಲಿ ತಿರುಗಿಸಿ ಅಂಗೈ ಒಡ್ಡಿದೆ. ಬೆಚ್ಚಗೆ, ಹಿತವಾಗಿತ್ತು. ಥರ್ಮಾಮೀಟರ್ ಕಾರ್ಖಾನೆಗೆ ಹಿಂತಿರುಗಿಸಬೇಕಾದ್ದರಿಂದ ಆಗಲೇ ಚೀಲ ಸೇರಿತ್ತು, ರಸ್ತೆಯ ತಿರುವಿನಲ್ಲಿ ಕಾರ್ಖಾನೆಯ ಬಸ್ಸು ಹಾರನ್ ಹಾಕುತ್ತಿತ್ತು. ನಲ್ಲಿ ಮುಚ್ಚಿದೆ.

ಪಾದದ ಗಾಯ ಒಣಗಿತ್ತು, ಇವತ್ತಿನಿಂದ ಸ್ನಾನ ಮಾಡಿಸಬಹುದು ಎಂದಿದ್ದಳು ನರ್ಸು. ಮಿಡತೆ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಮಲಗಿದ್ದಳು.

“ನಾನು ಸ್ನಾನ ಮಾಡಲ್ಲ. ನೀರು ಕಚ್ಚುತ್ತೆ.”

“ಇವತ್ತು ಕಚ್ಚಲ್ಲ. ಅಮ್ಮ ಅದರ ಹಲ್ಲೆಲ್ಲ ಕಿತ್ತು ಹಾಕಿದೀನಿ.”

“ದವಡೆ ಹಲ್ಲೂ?”

“ದವಡೆ ಹಲ್ಲೂ.”

“ತೋರ್ಸು.”

“ನೀರಿನ ಹಲ್ಲು ಕಣ್ಣಿಗೆ ಕಾಣಲ್ಲ ಕಣೇ.”

ಅವಳು ಯೋಚಿಸಿದಳು. “ಹಾಗಾದ್ರೆ ಅಜ್ಜಿ ಹಿಡ್ಕೊಳ್ಳೋದು ಬೇಡ. ನಾನೇ ಧುಡುಂ ಅಂತ ಹಾರ್ತೀನಿ.”

“ಹಾರು,” ಎಂದು ಮುತ್ತಿಟ್ಟೆ. ಚಪ್ಪಲಿ ಮೆಟ್ಟುತ್ತಾ ಅತ್ತೆಗೆ ಕೂಗಿ ಹೇಳಿದೆ: “ಅತ್ತೆ, ಗೀಸರಿನ ಬಿಸಿ ಇಳಿಸಿದೀನಿ. ಮೊದಲಿನಷ್ಟು ತಣ್ಣೀರು ಸುರೀಬೇಡಿ, ಒಂದು ಚೊಂಬು ಸಾಕು. ಇಲ್ಲಾಂದ್ರೆ ಚಳಿ ಅಂತ ರಂಪ ಮಾಡ್ತಾಳೆ.”

ಅತ್ತೆ ನನ್ನ ಕಡೆ ತಿರುಗದೆ, “ಹ್ಞೂಂ” ಎಂದರು.

ಆ ದಿನ ನನ್ನ ತೊಟ್ಟಿಯಲ್ಲಿ ಕಡುಗೆಂಪು. ಪಕ್ಕದ ತೊಟ್ಟಿಯವಳನ್ನು ನಾವು ಹಳದಿ ಅಕ್ಕ ಎನ್ನುತ್ತೇವೆ; ಹಳದಿ ಬಿಟ್ಟು ಬೇರೆ ಬಣ್ಣ ಅವಳಿಗೆ ಕೊಟ್ಟದ್ದನ್ನು ಯಾರೂ ಕಂಡಿಲ್ಲ. ಬಹಳ ದಿನಗಳ ನಂತರ ನನ್ನ ಮುಖ ನೋಡಿ, “ಏನೇ, ಗಂಡ ಬಂದ್ನಾ? ಹಲ್ಲು ಕಾಣಿಸ್ತಾ ಇದೆ” ಎಂದಳು. ನಾನು ನಿಜಕ್ಕೂ ಹಗುರವಾಗಿದ್ದೆ. ನೂಲು ಅರವತ್ತರಲ್ಲಿ ಹಿಡಿಯಬೇಕಾದಷ್ಟು ಹಿಡಿದಿತ್ತು. ಆವಿಯ ಕವಾಟ ಮುಚ್ಚಿ, ತೊಳೆಯುವ ಬಿಸಿಗೆ ಇಳಿಯಲಿ ಎಂದು ಬಿಟ್ಟು, ಒಣಗಿದ ಕಂತೆಗಳನ್ನು ಕಟ್ಟುತ್ತಾ ಕೂತೆ.

ಮೇಸ್ತ್ರಿ ಬಂದವನು ಥರ್ಮಾಮೀಟರ್ ನೋಡಿ ಹಾರಿಬಿದ್ದ. “ಏನಮ್ಮಾ ಇದು, ಇನ್ನೂ ಐವತ್ತೆಂಟು? ಆವಿ ನಿಲ್ಲಿಸಿ ಎಷ್ಟು ಹೊತ್ತಾಯ್ತು?”

“ಆಗಲೇ ನಿಲ್ಸಿದೀನಿ.”

“ಆವಿ ನಿಲ್ಸಿದ್ರೆ ನೀರು ತಣ್ಣಗಾಗಿಬಿಡುತ್ತಾ? ಒಲೆ ಆರಿಸಿದ ತಕ್ಷಣ ಸಾರು ಐಸ್ ಆಗುತ್ತಾ ನಿಮ್ಮನೇಲಿ? ಸುತ್ತ ಗೋಣಿ ಸುತ್ತಿರೋ ತೊಟ್ಟಿ ಕಣಮ್ಮಾ, ಸಂಜೆವರೆಗೂ ಹೀಗೇ ಕೂತಿರುತ್ತೆ. ತಣ್ಣೀರು ಬಿಡು! ಹಳೇದು ಹೊರಗೆ ಹೋಗ್ಬೇಕು, ಆಗ ಇಳಿಯೋದು!”

ಕಂತೆ ನನ್ನ ಕೈಯಿಂದ ಬಿತ್ತು.

ಗೀಸರ್. ಸುತ್ತ ದಪ್ಪ ಹೊದಿಕೆ ಇರುವ ಗೀಸರ್. ನಾನು ಇಳಿಸಿದ್ದು ಇನ್ನು ಮುಂದೆ ಕಾಯುವ ನೀರಿನ ಬಿಸಿಯನ್ನು. ಒಳಗೆ ರಾತ್ರಿಯಿಡೀ ಕಾದ ನೀರು ಹಾಗೇ ತುಂಬಿಕೊಂಡಿತ್ತು, ಇಳಿಯದೆ, ಅರವತ್ತೇಳರ ಆಚೀಚೆ. ಕೆಂಪು ದೀಪ ಹತ್ತದೆ ಇದ್ದದ್ದು ಅದಕ್ಕೇ: ನೀರು ಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾಗಿದೆ, ಕಾಯಿಸುವುದು ಬೇಕಿಲ್ಲ ಎಂದು. ನನ್ನ ಅಂಗೈಗೆ ಬಿದ್ದದ್ದು ಕೊಳವೆಯಲ್ಲಿ ನಿಂತು ಆರಿದ ನೀರು. ಅದರ ಹಿಂದೆಯೇ ಒಳಗಿನ ನೀರು ಬರುತ್ತಿತ್ತು.

ಒಂದು ಚೊಂಬು ತಣ್ಣೀರು ಸಾಕು ಎಂದು ನಾನೇ ಹೇಳಿ ಬಂದಿದ್ದೆ. ಹಾರು ಎಂದು ನಾನೇ ಹೇಳಿ ಬಂದಿದ್ದೆ. ಅತ್ತೆ ಮನೆಗೆಲಸ ಮುಗಿಸಿ ಅವಳಿಗೆ ಸ್ನಾನ ಮಾಡಿಸುವುದು ಇದೇ ಹೊತ್ತಿಗೆ.

“ಫೋನು,” ಎಂದೆ. ಫೋನುಗಳನ್ನೆಲ್ಲ ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದು ನಮ್ಮಲ್ಲಿ ನಿಯಮ. “ನನ್ನ ಫೋನು ಕೊಡಿ.”

“ಈಗ ತಾನೇ ಬೈದಿದೀನಿ, ಈಗಲೇ ಗಂಡಂಗೆ ಚಾಡಿ ಹೇಳ್ಬೇಕಾ?”

“ನನ್ನ ಮಗು ಬೇಯುತ್ತೆ ರೀ!”

ಇಡೀ ಸಾಲು ತಿರುಗಿ ನೋಡಿತು. ಮೇಸ್ತ್ರಿ ಬೀಗದ ಕೈ ಹುಡುಕಿದ. ಎಡಗಡೆಯ ಜೇಬು, ಬಲಗಡೆಯ ಜೇಬು, ಮತ್ತೆ ಎಡಗಡೆಯದು. ಆ ಕೈಯನ್ನು ಕಡಿದು ಎಸೆಯಬೇಕು ಎನಿಸಿತು ನನಗೆ.

ಮನೆಯ ಫೋನು ಬಡಿದುಕೊಂಡಿತು, ಬಡಿದುಕೊಂಡು ನಿಂತಿತು. ಮತ್ತೆ ಮಾಡಿದೆ. ಅತ್ತೆ ಅದನ್ನು ಫ್ರಿಜ್ಜಿನ ಮೇಲೆ ಟವೆಲಿನಡಿ ಇಡುತ್ತಾರೆ, ಧೂಳಾಗಬಾರದೆಂದು. ಬಚ್ಚಲಿನಲ್ಲಿ ನೀರು ಬಿಟ್ಟರೆ ಕೇಳಿಸುವುದಿಲ್ಲ.

“ಈಗ ಬಿಟ್ಟು ಹೋದ್ರೆ ತೊಟ್ಟಿಯ ನೂಲು ಪೂರ್ತಿ ಪಟ್ಟೆ ಪಟ್ಟೆ ಆಗುತ್ತೆ, ಗೊತ್ತಲ್ಲ?” ಎಂದ ಮೇಸ್ತ್ರಿ. “ನಾಳೆ ಬಂದು ನನ್ನ ಕಾಲಿಗೆ ಬೀಳ್ಬೇಡ.”

“ನೀನು ಹೋಗೇ,” ಎಂದಳು ಹಳದಿ ಅಕ್ಕ. ಅವಳು ಆಗಲೇ ನನ್ನ ತೊಟ್ಟಿಯ ತಣ್ಣೀರಿನ ಕವಾಟಕ್ಕೆ ಕೈ ಹಾಕಿದ್ದಳು. “ಜನ್ಮದಲ್ಲಿ ಒಂದು ಸಲ ಕೆಂಪು ಮುಟ್ತೀನಿ ನಾನೂನೂ.”

ಓಡಿದೆ. ಬಿಸಿ ಬಣ್ಣ ಒಳಗಿಳಿಯುವ ತೂತು ಕೈಗವಸನ್ನು ತೆಗೆದಿರಲಿಲ್ಲ ಎಂದು ಗೇಟಿನ ಹೊರಗೆ ಗೊತ್ತಾಯಿತು. ಹಲ್ಲಿನಿಂದ ಕಚ್ಚಿ ಎಳೆದೆ. ಬಸ್ಸು ಸಂಜೆಗೇ. ಓಡುತ್ತಾ ನಮ್ಮ ಕೆಳಮನೆಯ ದರ್ಜಿಯಣ್ಣನಿಗೆ ಫೋನು ಮಾಡಿದೆ. ಅವನು ನಿಧಾನದ ಮನುಷ್ಯ. ಗುಂಡಿ ಹಾಕುವ ಮೊದಲು ಗುಂಡಿಯ ಜೊತೆ ಮಾತಾಡುವವನು.

“ಅಣ್ಣಾ, ಮೇಲೆ ಹೋಗಿ! ಮಗೂನ ನೀರಿಗೆ ಇಳಿಸ್ಬೇಡಿ ಅಂತ ಅತ್ತೆಗೆ ಹೇಳಿ!”

“ಯಾವ ನೀರಿಗಮ್ಮಾ? ಕೆರೆಗಾ?”

“ಸ್ನಾನದ ನೀರಿಗೆ! ಬೇಗ ಹೋಗಣ್ಣಾ, ನಿನ್ನ ದಮ್ಮಯ್ಯ!”

ನನ್ನ ದನಿ ಅವನಿಗೆ ತಾಗಿರಬೇಕು. ಕುರ್ಚಿ ಸರಿದ ಸದ್ದು, ಮೆಟ್ಟಿಲಿನ ಮೇಲೆ ಅವನ ಉಬ್ಬಸ. ಬಾಗಿಲು ಬಡಿದ. ಮತ್ತೆ ಬಡಿದ.

“ಒಳಗಿಂದ ಚಿಲಕ ಹಾಕಿದೆ. ನೀರು ಬೀಳೋ ಸದ್ದು ಬರ್ತಿದೆ. ಮತ್ತೆ ಮಗು...”

“ಮಗು ಏನು?”

“ಮಗು ಕಿರುಚ್ತಾ ಇದೆ ಕಣಮ್ಮಾ. ಜೋರಾಗಿ.”

ಒಡೀರಿ ಬಾಗಿಲು, ಎಂದೆ, ಅಥವಾ ಎಂದುಕೊಂಡೆ. ಅವನು ಫೋನನ್ನು ಮೆಟ್ಟಿಲ ಮೇಲಿಟ್ಟು ಎರಡೂ ಕೈಯಿಂದ ಗುದ್ದತೊಡಗಿದ್ದ. ಓಡುತ್ತಾ ನನ್ನ ಕಿವಿಯಲ್ಲಿ ಅದೊಂದೇ, ಧಬ್ ಧಬ್ ಧಬ್, ಅದರ ಸಂದಿಯಲ್ಲಿ ತೆಳ್ಳಗೆ ನನ್ನ ಮಗಳ ದನಿ. ಒಬ್ಬ ಪುಣ್ಯಾತ್ಮ ಸ್ಕೂಟರ್ ನಿಲ್ಲಿಸಿ ಏನಾಯ್ತು ಎಂದ. ಏನು ಹೇಳಿದೆನೋ, ಹಿಂದೆ ಕೂರಿಸಿಕೊಂಡ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ: ಧುಡುಂ ಎಂದು ಹಾರಿದರೆ ನೀರು ಎಲ್ಲಿಯವರೆಗೆ ಬರುತ್ತದೆ, ಸೊಂಟದವರೆಗಾ, ಎದೆಯವರೆಗಾ. ಹಿಡಿಯೋ ಬಿಸಿಯಲ್ಲಿ ನೂಲು ಹೇಗೆ ಬಣ್ಣ ಕುಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಬಾರದಿತ್ತು.

ಮೆಟ್ಟಿಲು ಹತ್ತುವಾಗ ಬಾಗಿಲು ತೆರೆದಿತ್ತು, ಮುರಿದ ಚಿಲಕ ನೇತಾಡುತ್ತಿತ್ತು. ದರ್ಜಿಯಣ್ಣ ಹೊಸ್ತಿಲಲ್ಲಿ ಅಳತೆಪಟ್ಟಿಯನ್ನು ಕೊರಳಲ್ಲಿ ನೇತುಹಾಕಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದ.

ಒಳಗೆ ಕಿರುಚಾಟ ಇನ್ನೂ ನಡೆದಿತ್ತು. “ಬಿಡು! ಬಿಡು ಅಜ್ಜೀ! ಅಮ್ಮ ಹಲ್ಲು ಕಿತ್ತಿದಾಳೆ! ದವಡೆ ಹಲ್ಲೂ ಕಿತ್ತಿದಾಳೆ!”

ಅತ್ತೆ ಬಚ್ಚಲಿನ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತಿದ್ದರು. ಒಂದು ಕಾಲನ್ನು ಚಾಚಿ ಎದುರಿನ ಚೌಕಟ್ಟಿಗೆ ಒದ್ದುಕೊಂಡಿದ್ದರು. ಎಡಗೈಯಲ್ಲಿ ಮಿಡತೆಯ ಅಂಗಿಯನ್ನು ಮುಷ್ಟಿ ಕಟ್ಟಿ ಹಿಡಿದಿದ್ದರು. ಮಿಡತೆ ಅಂಗಿಯಲ್ಲಿದ್ದಳು, ಒದ್ದೆಯಾಗಿರಲಿಲ್ಲ, ಕೋಪದಿಂದ ಟೊಮೆಟೊ ಆಗಿದ್ದಳು. ಕಾಲು ಎರಡರಲ್ಲೂ ಹನಿ ನೀರಿರಲಿಲ್ಲ. ನಾನು ಅವನ್ನು ಹಿಡಿದು, ತಿರುಗಿಸಿ, ಬೆರಳ ಸಂದಿಗಳನ್ನೆಲ್ಲ ನೋಡಿದೆ.

ಆಮೇಲೆ ಅತ್ತೆಯ ಬಲಗೈ ಕಂಡಿತು. ಅದು ಪಕ್ಕದ ತಣ್ಣೀರಿನ ನಲ್ಲಿಯ ಕೆಳಗಿತ್ತು. ಬೀಳುವ ಸದ್ದು ಕೇಳಿಸಿದ್ದು ಆ ನೀರೇ. ಮೊಣಕೈಯ ಒಳಬದಿ, ಬಣ್ಣ ಎಂದೂ ಮುಟ್ಟದ ಬಿಳಿಚಿದ ಚರ್ಮ, ಅಂಗೈ ಅಗಲಕ್ಕೆ ಕಡುಗೆಂಪಾಗಿತ್ತು.

“ಹಲ್ಲು ಕಿತ್ತಿದೀನಿ ಅಂದ್ಯಂತೆ,” ಎಂದರು ಅತ್ತೆ. ತೋಳನ್ನು ಸ್ವಲ್ಪ ಎತ್ತಿ ತೋರಿಸಿದರು. “ನೋಡು, ಎಲ್ಲಾ ಇದಾವೆ.”

“ಅತ್ತೆ, ನಾನು ಇಳಿಸಿದ್ದೆ. ಒಳಗಿನ ನೀರು ಹಾಗೇ...” ಗೀಸರಿನ ಕಡೆ ಕೈ ತೋರಿಸಿದೆ. “ನೀವು ಹೇಗೆ... ನಾನು ಇಳಿಸಿದೀನಿ ಅಂತ ಹೇಳಿದ್ನಲ್ಲ.”

“ಹೇಳಿದೆ. ಒಂದು ಚೊಂಬು ಸಾಕು ಅಂದೆ, ಒಂದೇ ಚೊಂಬು ಹಾಕ್ದೆ. ಕೈ ಇಟ್ಟೆ. ಹಿತವಾಗಿತ್ತು.” ಎಡಗೈಯ ಮುಷ್ಟಿಯನ್ನು ಒಮ್ಮೆ ನೋಡಿಕೊಂಡರು. “ಹೋದ ವಾರಾನೂ ಹೀಗೇ ಹಿತವಾಗಿತ್ತು. ಅಲ್ಲಮ್ಮಾ, ನೀನು ನಿಜವಾಗ್ಲೂ ಇಳಿಸಿದ್ರೆ ತಣ್ಣಗಿರಬೇಕಿತ್ತಲ್ವಾ ನನಗೆ? ಸುಳ್ಳು ಹೇಳ್ತಿರೋದು ಸೊಸೆಯೋ, ಕೈಯೋ, ಗೊತ್ತಾಗ್ಲಿಲ್ಲ. ಅದಕ್ಕೇ, ನರ್ಸು ಹೇಳಿದ್ಲು ಅಂದ್ಯಲ್ಲ, ಈ ಮೊಣಕೈ ಇಟ್ಟು ನೋಡ್ದೆ.”

“ಇಬ್ಬರೂ,” ಎಂದೆ.

“ಹ್ಞಾ?”

“ನಾನೂ ಆ ಕೈಯೂ, ಇಬ್ಬರೂ ಸುಳ್ಳು ಹೇಳಿದ್ವಿ ಅತ್ತೆ.”

ದರ್ಜಿಯಣ್ಣ ಹೊಸ್ತಿಲಿನಿಂದಲೇ, “ಟೂತ್‌ಪೇಸ್ಟ್ ಹಚ್ಚಿ, ತಂಪಾಗುತ್ತೆ” ಎಂದ.

“ಏನೂ ಹಚ್ಚಬಾರದಂತೆ ಅಣ್ಣಾ, ನೀರೊಂದೇ,” ಎಂದೆ. ಅತ್ತೆಯ ತೋಳನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದುಕೊಂಡೆ. ಅವರು ಎಳೆದುಕೊಳ್ಳಲಿಲ್ಲ. ಇಷ್ಟು ವರ್ಷದಲ್ಲಿ ಅವರ ತೋಳನ್ನು ನಾನು ಮುಟ್ಟಿರಲಿಲ್ಲ. ಅದು ಮಗುವಿನದರ ಹಾಗೆ ಮೆತ್ತಗಿತ್ತು.

ಅದೇ ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು ಎಂದು ಗೊತ್ತಿತ್ತು. ಅದೇ ನರ್ಸು ಇರುತ್ತಾಳೆ. ಅದೇ ಮನೆ, ಅದೇ ನೀರು ಎನ್ನುತ್ತಾಳೆ. ಏನು ಹೇಳುವುದೋ ಗೊತ್ತಿರಲಿಲ್ಲ. ನಾಳೆ ನನ್ನ ತೊಟ್ಟಿಯ ಮುಂದೆ ಯಾರು ನಿಂತಿರುತ್ತಾರೋ ಅದೂ ಗೊತ್ತಿರಲಿಲ್ಲ. ಆದರೆ ಆ ನೀರನ್ನು ಒಳಗೆ ಬಿಟ್ಟು ಮನೆಯಿಂದ ಹೊರಡುವ ಹಾಗಿರಲಿಲ್ಲ. ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟೆ. ಹಳೆಯದು ಹೊರಗೆ ಹೋಗಲಿ, ಹೊಸದು ಒಳಗೆ ಬರಲಿ. ಬಚ್ಚಲು ಹಬೆಯಿಂದ ತುಂಬಿತು. ನೀರು ಮೋರಿಗೆ ಬೀಳುತ್ತಲೇ ಇತ್ತು. ನಾವಿಬ್ಬರೂ ಬಾಗಿಲ ಎರಡು ಬದಿಗೆ ಕೂತು ಅದನ್ನೇ ನೋಡಿದೆವು, ಹಾವು ಬಿಲದಿಂದ ಪೂರ್ತಿ ಹೊರಗೆ ಹೋಗಲಿ ಎಂದು ಕಾಯುವವರ ಹಾಗೆ.

ಮಿಡತೆ ಅಜ್ಜಿಯ ಬೆನ್ನ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದಳು. ಅಳು ನಿಂತಿತ್ತು. “ನೀನು ಕಿತ್ತೇ ಇಲ್ಲ,” ಎಂದಳು.

“ಕೀಳ್ತಾ ಇದೀನಿ ಕಂದ.”

“ಕಿತ್ತಿದೀನಿ ಅಂದೆ.”

ನಾನು ಕೈ ಚಾಚಿದೆ. ಅವಳು ಬರಲಿಲ್ಲ. ಕರೆದರೂ ಬರಲಿಲ್ಲ.

ಹಬೆ ತೆಳುವಾಯಿತು. ನಾನು ಎದ್ದು ಹೋಗಿ ನಲ್ಲಿಗೆ ಅಂಗೈ ಒಡ್ಡಿದೆ. “ಆಯ್ತು ಅತ್ತೆ, ಇಳಿದಿದೆ,” ಎಂದೆ. “ಈಗ ಹಿತವಾಗಿದೆ.”

ಅತ್ತೆ ತಮ್ಮ ಕೆಂಪು ತೋಳನ್ನು ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡು, ಗಲ್ಲದಿಂದ ನನ್ನ ಮೊಣಕೈಯನ್ನು ತೋರಿಸಿದರು.

ತೋಳು ಮಡಚಿ ಮೊಣಕೈಯ ಒಳಬದಿಯನ್ನು ಆ ನೀರಿಗೆ ಒಡ್ಡಿದೆ. ಒಡ್ಡಿದವಳೇ ಕಿರುಚಿ ಹಿಂದಕ್ಕೆ ಎಳೆದುಕೊಂಡೆ.

ಎಳೆದುಕೊಂಡು ನನ್ನ ಅಂಗೈ ನೋಡಿದೆ. ಉಗುರಿನ ಬುಡದಲ್ಲಿ ಕಡುಗೆಂಪು ಇತ್ತು. ಮತ್ತೆ ಅದೇ ನೀರಿಗೆ ಇಟ್ಟೆ. ಹಿತವಾಗಿತ್ತು.